ಗಾಳಿ ಯಾರಪ್ಪನ ಗಂಟು?

1191ರ ಮಾತು. ಇಂಗ್ಲೆಂಡಿನ ಪೂರ್ವಕ್ಕಿರುವ ಸಫೊಕ್ ಸೀಮೆಯಲ್ಲಿ ಹರ್ಬರ್ಟ್ ಎಂಬ ವಯಸ್ಸಾದ ಪಾದ್ರಿಯೊಬ್ಬ ತನ್ನ ಜಮೀನಿನಲ್ಲಿ ಒಂದು ಗಾಳಿಗಿರಣಿ ನಿಲ್ಲಿಸಿದ. ಆ ಕಾಲಕ್ಕೆ ಗಾಳಿಗಿರಣಿ ಅಂದರೆ ಹೊಚ್ಚ ಹೊಸದು. ಆ ದೇಶದಲ್ಲಿ ಅದರ ಬಗ್ಗೆ ಸಿಗುವ ತೀರಾ ಹಳೆಯ ಉಲ್ಲೇಖಗಳಲ್ಲಿ ಇದೂ ಒಂದು.

ಸುದ್ದಿ ಊರಿನ ಮಠಾಧಿಪತಿ ಸ್ಯಾಮ್ಸನ್ ಕಿವಿಗೆ ಬಿತ್ತು. ಅವನಿಗೆ ಸಿಟ್ಟು ನೆತ್ತಿಗೇರಿತು. ಊಟ ಸೇರಲಿಲ್ಲ, ಬಾಯಿಂದ ಮಾತು ಹೊರಡಲಿಲ್ಲ. ಮರುದಿನ ಪೂಜೆ ಮುಗಿದದ್ದೇ ತಡ, 'ಬಡಗಿಗಳನ್ನು ಕಳಿಸಿ, ಅದನ್ನು ಕೆಡವಿ, ಮರಮಟ್ಟು ಎತ್ತಿಡಿ' ಎಂದು ಅಪ್ಪಣೆ ಮಾಡಿದ. ಹರ್ಬರ್ಟ್ ಓಡಿ ಬಂದ. ನನ್ನ ಜಮೀನು, ನನ್ನ ಗಿರಣಿ, ನನ್ನ ಕಾಳು ಮಾತ್ರ ಬೀಸಿಕೊಳ್ಳುತ್ತೇನೆ ಎಂದ. ಬೀಸುವ ಗಾಳಿಯನ್ನು ಯಾರಿಗೂ ಬೇಡ ಅನ್ನುವಂತಿಲ್ಲ ಎಂದೂ ವಾದಿಸಿದ. ನ್ಯಾಯವಾದ ಮಾತೇ, ಅಲ್ವಾ?

ಸ್ಯಾಮ್ಸನ್ ಒಪ್ಪಲಿಲ್ಲ. ನನ್ನ ಎರಡೂ ಕಾಲು ಕತ್ತರಿಸಿದ್ದರೆ ನಿನಗೆ ಎಷ್ಟು ಋಣಿಯಾಗಿರುತ್ತಿದ್ದೆನೋ ಈಗಲೂ ಅಷ್ಟೇ ಋಣಿ ಎಂದ. ಅದು ಬೀಳುವವರೆಗೆ ರೊಟ್ಟಿ ಮುಟ್ಟುವುದಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟ. ಆಮೇಲೆ ನಿಜವಾದ ಕಾರಣವನ್ನೂ ಬಾಯಿಬಿಟ್ಟ. ನಿನ್ನ ಗಿರಣಿ ನಿಂತರೆ ಊರವರೆಲ್ಲ ಅಲ್ಲಿಗೇ ಹೋಗುತ್ತಾರೆ. ಅವರು ಸ್ವತಂತ್ರ ಜನ, ಶಿಕ್ಷಿಸುವ ಹಕ್ಕೂ ನನಗಿಲ್ಲ. ಹಾಗಾದರೆ ನನ್ನ ಗಿರಣಿಗಳ ಗತಿ ಏನು? ಹರ್ಬರ್ಟ್ ಹೆದರಿ ಮನೆಗೆ ಹೋದ. ಮಗನ ಮಾತು ಕೇಳಿ ತನ್ನ ಆಳುಗಳಿಂದಲೇ ಗಿರಣಿಯನ್ನು ಬಿಚ್ಚಿಸಿಬಿಟ್ಟ. ಮಠದವರು ಕೆಡವಲು ಬಂದಾಗ ಅಲ್ಲಿ ಕೆಡವಲು ಏನೂ ಉಳಿದಿರಲಿಲ್ಲ.

ಇದು ನಡೆದದ್ದು ಬೆರಿ ಸೇಂಟ್ ಎಡ್ಮಂಡ್ಸ್‌ನಲ್ಲಿ. ಅಲ್ಲಿಯವರು ಸುಮ್ನೆ ಬೆರಿ ಅನ್ನುತ್ತಾರೆ. ನಾವು ಕೇಂಬ್ರಿಡ್ಜ್‌ನಲ್ಲಿ ಮನೆ ಮಾಡಿರುವುದರಿಂದ ನಮಗೆ ಅದು ರೈಲಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಾದಷ್ಟು ಹತ್ತಿರ. ಮೊದಮೊದಲು ಹೋಗುತ್ತಿದ್ದದ್ದು ಸಂತೆಗೆ. ಬುಧವಾರ ಮತ್ತು ಶನಿವಾರ ಅಲ್ಲಿ ಸಂತೆ. ಬಟ್ಟಲಲ್ಲಿ ಮೆಣಸಿನಕಾಯಿ, ಬಟ್ಟಲಲ್ಲಿ ಮಾವಿನಹಣ್ಣು ಪೇರಿಸಿಟ್ಟು 'ಬಟ್ಟಲಿಗೆ ಒಂದು ಪೌಂಡ್' ಎಂದು ಕೂಗುತ್ತಾರೆ. ಸೂಪರ್ ಮಾರ್ಕೆಟ್‌ನಲ್ಲಿ ಆ ದುಡ್ಡಿಗೆ ಅರ್ಧವೂ ಬರುವುದಿಲ್ಲ. ಚೀಲ ತುಂಬಿದ ಮೇಲೆ ಪಕ್ಕದಲ್ಲೇ ಇರುವ ಮಠದ ಅವಶೇಷಗಳ ತೋಟದಲ್ಲಿ ಕೂತು ರೈಲಿನ ಹೊತ್ತಿಗೆ ಕಾಯುವುದು. ಹಾಗೆ ಕೂತು ಕೂತು ಆ ಕಲ್ಲುಗಳ ಮೇಲೆ ಕುತೂಹಲ ಹುಟ್ಟಿತು. ಓದಲು ಶುರುಮಾಡಿದೆ. ಓದುತ್ತಾ ಹೋದಂತೆ ಒಂದು ವಿಷಯ ಖಚಿತವಾಯಿತು. ಈ ಊರಿನ ಕಥೆ ಭಕ್ತಿಯ ಕಥೆಗಿಂತ ಜಾಸ್ತಿ ಬಾಡಿಗೆಯ ಕಥೆ.

ಶುರುವಾದದ್ದು ಮಾತ್ರ ಭಕ್ತಿಯಿಂದಲೇ. ಈಸ್ಟ್ ಆಂಗ್ಲಿಯಾ ಆಗ ಒಂದು ಪುಟ್ಟ ರಾಜ್ಯ. ಅದರ ರಾಜ ಎಡ್ಮಂಡ್‌ನನ್ನು 869ರಲ್ಲಿ ಡೆನ್ಮಾರ್ಕ್ ಕಡೆಯಿಂದ ದಾಳಿಗೆ ಬಂದ ಡೇನ್ ಜನ ಕೊಂದರು. ಬಾಣ ಹೊಡೆದು, ತಲೆ ಕಡಿದು ಪೊದೆಯಲ್ಲಿ ಎಸೆದರಂತೆ. ಹುಡುಕಿಕೊಂಡು ಹೋದ ಜನಕ್ಕೆ ತಲೆಯೇ 'ಇಲ್ಲಿದ್ದೇನೆ, ಇಲ್ಲಿದ್ದೇನೆ' ಎಂದು ಕೂಗಿತಂತೆ, ಒಂದು ತೋಳ ಅದನ್ನು ಕಾಯುತ್ತಾ ಕೂತಿತ್ತಂತೆ. ಈಗಲೂ ಊರಿನ ತುಂಬ ತೋಳದ ಚಿತ್ರಗಳು, ಬೊಂಬೆಗಳು. ಕೆಲವು ದಶಕಗಳ ಮೇಲೆ ರಾಜನ ದೇಹವನ್ನು ಈ ಊರಿಗೆ ತಂದು ಗುಡಿ ಕಟ್ಟಿದರು. ರಾಜ ಸಂತನಾದ. ಕೊಂದವರು ಡೇನರು. ಅಲ್ಲಿ 1020ರಲ್ಲಿ ದೊಡ್ಡ ಮಠ ಸ್ಥಾಪಿಸಿದವನೂ ಡೇನ್ ರಾಜನೇ, ಕನ್ಯೂಟ್. ಅಪರಾಧ ಪ್ರಜ್ಞೆಯೋ ರಾಜಕೀಯವೋ, ಎರಡೂ ಇರಬಹುದು. ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ಬಂದು ನೆಲೆಸಿದರು. ಪಶ್ಚಿಮ ಸಫೊಕ್‌ನ ಎಂಟೂವರೆ ಹೋಬಳಿಗಳಷ್ಟು ನೆಲದ ಆಡಳಿತ ಮಠದ ಕೈಗೆ ಬಂತು. ಅಲ್ಲಿ ರಾಜನ ಅಧಿಕಾರಿಗಳ ಮಾತು ನಡೆಯುತ್ತಿರಲಿಲ್ಲ. ಕೋರ್ಟು, ದಂಡ, ಸುಂಕ ಎಲ್ಲ ಮಠದ್ದು.

ಊರನ್ನು ಊರಾಗಿ ಮಾಡಿದವನು ಬಾಲ್ಡ್ವಿನ್ ಎಂಬ ಮಠಾಧಿಪತಿ. ಫ್ರಾನ್ಸಿನವನು, ವೃತ್ತಿಯಲ್ಲಿ ವೈದ್ಯ, ಎಡ್ವರ್ಡ್ ರಾಜನಿಗೇ ಮದ್ದು ಕೊಟ್ಟವನು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೂ ಇವನ ಕುರ್ಚಿ ಅಲುಗಲಿಲ್ಲ. ಮಠದ ಪಶ್ಚಿಮಕ್ಕಿದ್ದ ಉಳುವ ಹೊಲಗಳ ಮೇಲೆ ನೇರ ಗೆರೆ ಎಳೆದು ಬೀದಿ ಹಾಕಿಸಿದ. ಚರ್ಚ್‌ಗೇಟ್ ಬೀದಿ ಇವತ್ತಿಗೂ ಮಠದ ದೇವಾಲಯದ ದಿಕ್ಕಿಗೇ ನೆಟ್ಟಗೆ ಇಳಿಯುತ್ತದೆ. ಬೀದಿಯ ಮೇಲ್ತುದಿಯಲ್ಲಿ ನಿಂತರೆ ಕೆಳಗೆ ನಾರ್ಮನ್ ಗೋಪುರದ ಕಮಾನು ಕಾಣುತ್ತದೆ. 1086ರಲ್ಲಿ ವಿಲಿಯಂ ರಾಜ ಮಾಡಿಸಿದ ದೊಡ್ಡ ಲೆಕ್ಕದಲ್ಲಿ ಈ ಊರಿನ ಬಗ್ಗೆ ಬರೆದದ್ದು ಓದಲು ಬಲು ಚೆಂದ. ಹಿಂದೆ ಉಳುತ್ತಿದ್ದ ನೆಲದ ಮೇಲೆ ಈಗ 342 ಮನೆಗಳಿವೆ. ರೊಟ್ಟಿ ಸುಡುವವರು, ಬಿಯರ್ ಮಾಡುವವರು, ದರ್ಜಿಗಳು, ಅಗಸರು, ಚಪ್ಪಲಿ ಹೊಲಿಯುವವರು, ಅಡುಗೆಯವರು, ಬಾಗಿಲು ಕಾಯುವವರು, ಹೀಗೆ 75 ಮಂದಿ ದಿನಾ ಸಂತನ ಸೇವೆ, ಮಠಾಧಿಪತಿಯ ಸೇವೆ, ಸನ್ಯಾಸಿಗಳ ಸೇವೆ ಮಾಡುತ್ತಾರೆ. ಸತ್ತು ಇನ್ನೂರು ವರ್ಷ ದಾಟಿದ ಸಂತನ ಹೆಸರಲ್ಲಿ ಅಗಸರು, ದರ್ಜಿಗಳು. ಊರು ಹುಟ್ಟಿದ್ದೇ ಹೀಗೆ, ಮಠದ ಮನೆಗೆಲಸಕ್ಕೆ.

ಇನ್ನು ಸ್ಯಾಮ್ಸನ್ ವಿಷಯ. ಅವನ ಬಗ್ಗೆ ನಮಗೆ ಇಷ್ಟು ಗೊತ್ತಿರಲು ಕಾರಣ ಬ್ರೇಕ್ಲಾಂಡ್‌ನ ಜೋಸೆಲಿನ್. ಅದೇ ಮಠದ ಸನ್ಯಾಸಿ, ಆರು ವರ್ಷ ಸ್ಯಾಮ್ಸನ್ ಜೊತೆಗೇ ಹಗಲೂ ರಾತ್ರಿ ಇದ್ದವನು. ಕಂಡದ್ದು, ಕೇಳಿದ್ದು, ಒಳಗಿನ ಜಗಳ ಎಲ್ಲವನ್ನೂ ಲ್ಯಾಟಿನ್‌ನಲ್ಲಿ ಬರೆದಿಟ್ಟ. ಎಂಟುನೂರು ವರ್ಷದ ಹಿಂದಿನ ಬರಹ ಅಂತ ಅನ್ನಿಸುವುದೇ ಇಲ್ಲ. ಪಕ್ಕದ ಟೇಬಲ್‌ನವನು ಆಫೀಸಿನ ರಾಜಕೀಯ ಹೇಳಿದ ಹಾಗೆ ಇದೆ. 1182ರಲ್ಲಿ ಆಯ್ಕೆಯಾದಾಗ ಸ್ಯಾಮ್ಸನ್‌ಗೆ 47 ವರ್ಷ. ಮಧ್ಯಮ ಎತ್ತರ, ಹೆಚ್ಚುಕಡಿಮೆ ಬೋಳು ತಲೆ, ಎದ್ದು ಕಾಣುವ ಮೂಗು, ದಪ್ಪ ತುಟಿ, ಕೆಂಪು ಗಡ್ಡ. ಹದಿನಾಲ್ಕು ವರ್ಷದಲ್ಲಿ ಆ ಗಡ್ಡ ಹಿಮದಂತೆ ಬೆಳ್ಳಗಾಯಿತಂತೆ. ಹಾಲು, ಜೇನು, ಸಿಹಿ ಕಂಡರೆ ಪ್ರಾಣ. ಜನರಿಗೆ ಇಂಗ್ಲಿಷಿನಲ್ಲೇ ಬೋಧನೆ ಮಾಡುತ್ತಿದ್ದ, ಅದೂ ನಾರ್ಫೊಕ್‌ನ ಹಳ್ಳಿ ಧಾಟಿಯಲ್ಲಿ.

ಅವನು ಅಧಿಕಾರಕ್ಕೆ ಬಂದಾಗ ಮಠ ಸಾಲದಲ್ಲಿ ಮುಳುಗಿತ್ತು. ಹಿಂದಿನ ಮಠಾಧಿಪತಿ ಹ್ಯೂಗೊ ಒಳ್ಳೆಯ ಮನುಷ್ಯ, ಆದರೆ ಲೆಕ್ಕಪತ್ರದ ಗೋಜಿಗೆ ಹೋಗದವನು. ಪಾರುಪತ್ತೇಗಾರ ಸನ್ಯಾಸಿಯೊಬ್ಬ ಒಂದು ಕೋಣೆ ರಿಪೇರಿಗೆಂದು ಯಹೂದಿ ಲೇವಾದೇವಿಗಾರನೊಬ್ಬನಿಂದ 40 ಮಾರ್ಕ್ ಸಾಲ ತಂದ. ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಬಡ್ಡಿ ಬೆಳೆದು, ಅದನ್ನು ತೀರಿಸಲು ಇನ್ನೊಂದು ಸಾಲ, ಆಮೇಲೆ ಮತ್ತೊಂದು. ಕೊನೆಗೆ ನೂರಾರು ಪೌಂಡ್. ಸ್ಯಾಮ್ಸನ್ ಕೂತು ಒಂದೊಂದೇ ಸಾಲ ತೀರಿಸಿದ. ಪ್ರತಿ ಹಳ್ಳಿಯಿಂದ ಬರಬೇಕಾದ ಬಾಕಿಯ ಪಟ್ಟಿ ಮಾಡಿಸಿದ. ಒಳ್ಳೆ ಆಡಳಿತಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆ ಆಡಳಿತಗಾರ ಅಂದರೆ ಊರಿನವರ ಪಾಲಿಗೆ ಏನು? ಬಿಟ್ಟುಹೋದ ಬಾಡಿಗೆಯನ್ನೂ ನೆನಪಿಟ್ಟುಕೊಂಡು ವಸೂಲಿ ಮಾಡುವವನು ಅಂತ ಅಷ್ಟೇ.

ಇದೇ ಕಾಲದ ಇನ್ನೊಂದು ಸಂಗತಿಯನ್ನು ಪ್ರವಾಸಿ ಕರಪತ್ರಗಳು ಬೇಗ ದಾಟಿಸಿಬಿಡುತ್ತವೆ. 1190ರ ಮಾರ್ಚ್‌ನಲ್ಲಿ, ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ, ಈ ಊರಿನಲ್ಲಿ 57 ಯಹೂದಿಗಳನ್ನು ಜನ ಕೊಂದರು. ಧರ್ಮಯುದ್ಧದ ಹುಚ್ಚು ಹತ್ತಿದ ವರ್ಷ ಅದು. ಬದುಕುಳಿದವರನ್ನು ಸ್ಯಾಮ್ಸನ್ ಅದೇ ವರ್ಷ ರಾಜನ ಅನುಮತಿ ಪಡೆದು ಊರಿನಿಂದ ಹೊರಗೆ ಹಾಕಿದ. ಅವರು ಸಂತನ ಜನ, ಅಂದರೆ ಮಠದ ಅಧೀನರು, ಆಗಿರಬೇಕು ಅಥವಾ ಇಲ್ಲಿರಬಾರದು ಎಂಬುದು ಅವನ ವಾದ. ಜೋಸೆಲಿನ್ ಇದನ್ನು ಹೊಗಳಿಕೆಯ ಧಾಟಿಯಲ್ಲೇ ಬರೆಯುತ್ತಾನೆ. ಮಠ ಸಾಲ ಮಾಡಿದ್ದು ಯಾರ ಹತ್ತಿರ ಅಂತ ನೆನೆಸಿಕೊಂಡರೆ ಆ ಹೊಗಳಿಕೆಯ ಅರ್ಥ ಬೇರೆಯೇ ಆಗುತ್ತದೆ.

ಸುಂಕಗಳ ವಿಷಯಕ್ಕೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. ಕೊಯ್ಲಿನ ಕಾಲಕ್ಕೆ ಮಠದ ಹೊಲದಲ್ಲಿ ಊರವರು ಬಂದು ಬಿಟ್ಟಿ ಕೊಯ್ಯಬೇಕಿತ್ತು. ಬರಲಾಗದಿದ್ದರೆ ಮನೆಗೊಂದು ಪೆನ್ನಿ. ಉಳ್ಳವರು ಹೇಗೋ ತಪ್ಪಿಸಿಕೊಳ್ಳುತ್ತಿದ್ದರು, ಸಿಕ್ಕಿಬೀಳುತ್ತಿದ್ದದ್ದು ಬಡವರು. ಕಾಸಿಲ್ಲ ಎಂದರೆ ಉಗ್ರಾಣದ ಸನ್ಯಾಸಿಯ ಆಳುಗಳು ಮನೆಯ ಮುಕ್ಕಾಲಿ, ಪಾತ್ರೆ, ಕೆಲವು ಸಲ ಬಾಗಿಲನ್ನೇ ಕಿತ್ತು ಹೊರುತ್ತಿದ್ದರು. ಆಗ ಮುದುಕಿಯರು ನೂಲುವ ಕೋಲು ಹಿಡಿದು ಹೊರಗೆ ಬಂದು, ಬೈಯುತ್ತಾ, ಹೆದರಿಸುತ್ತಾ ಅವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರಂತೆ. ಮಠಕ್ಕೆ ಮರ್ಯಾದೆ ಹೋಗುತ್ತಿದೆ ಎಂದು ಕೊನೆಗೆ ರಾಜಿಯಾಯಿತು. ಇಡೀ ಊರು ಸೇರಿ ವರ್ಷಕ್ಕೆ 20 ಷಿಲ್ಲಿಂಗ್ ಕೊಡುವುದು, ಆಮೇಲೆ ಯಾರ ಬಾಗಿಲೂ ಕೀಳುವಂತಿಲ್ಲ. ನನಗಂತೂ ಆ ಅಜ್ಜಿಯರೇ ಊರಿನ ಮೊದಲ ಕೌನ್ಸಿಲರ್‌ಗಳು ಅನ್ನಿಸುತ್ತದೆ.

ಬೀದಿಯ ಸಗಣಿ ಗೊಬ್ಬರವೂ ಮಠದ್ದೇ. ಊರಿನ ಬೀದಿಯಲ್ಲಿ ಬಿದ್ದ ಗೊಬ್ಬರದ ಗುಡ್ಡೆಗಳನ್ನು ಎತ್ತಿಕೊಂಡು ಹೋಗುವ ಹಕ್ಕು ಉಗ್ರಾಣದವನಿಗಿತ್ತು. ಕೆಲವೇ ಕೆಲವರ ಮನೆಮುಂದಿನ ಗುಡ್ಡೆಗೆ ಮಾತ್ರ ವಿನಾಯಿತಿ. ಕಾಲ ಹೋದಂತೆ ಈ ಹಕ್ಕು ಸಡಿಲವಾಯಿತು, ಬಡವರು ತಮ್ಮ ಗೊಬ್ಬರ ತಾವೇ ಮಾರಿಕೊಳ್ಳತೊಡಗಿದರು ಎಂದು ಜೋಸೆಲಿನ್ ಬೇಜಾರಿನಲ್ಲಿ ಬರೆಯುತ್ತಾನೆ.

ಸಂತೆಯ ಮೇಲೆ ಮಠಕ್ಕೆ ಎಂಥ ಪ್ರಾಣವಿತ್ತು ಎಂಬುದಕ್ಕೆ ಲೇಕನ್‌ಹೀತ್ ಕಥೆ ಸಾಕು. ಅದು ಬೆರಿಯಿಂದ ವಾಯವ್ಯಕ್ಕೆ ಇರುವ ಹಳ್ಳಿ, ಈಲಿ ಮಠದವರದ್ದು. ಜಾನ್ ರಾಜನಿಂದ ಸನ್ನದು ಪಡೆದು ಅವರು ಅಲ್ಲಿ ಒಂದು ಹೊಸ ಸಂತೆ ಶುರುಮಾಡಿದರು. ಸ್ಯಾಮ್ಸನ್ ಮೊದಲು ಮಾತಿನಲ್ಲಿ ಹೇಳಿ ನೋಡಿದ, ಆಮೇಲೆ ರಾಜನಿಗೆ ದೂರು ಕೊಟ್ಟ. ಕೊನೆಗೆ ಸುಮಾರು 600 ಜನ ಆಯುಧ ಹಿಡಿದು ಬೆರಿಯಿಂದ ಹೊರಟರು. ನಟ್ಟಿರುಳಲ್ಲಿ ಲೇಕನ್‌ಹೀತ್‌ಗೆ ಹೋಗಿ ಕಟುಕರ ಅಂಗಡಿಗಳನ್ನು, ಗೂಡಂಗಡಿಗಳನ್ನು ಉರುಳಿಸಿ, ದನಕರು ಹೊಡೆದುಕೊಂಡು ಬಂದರು. ಹತ್ತಿರದಲ್ಲಿ ಇನ್ನೊಂದು ಸಂತೆ ಬಂದರೆ ತನ್ನ ಸುಂಕ ಕಡಿಮೆಯಾಗುತ್ತದೆ ಎಂಬ ಲೆಕ್ಕ, ಅಷ್ಟೇ.

ಹಾಗಂತ ಸ್ಯಾಮ್ಸನ್‌ನನ್ನು ಬರೀ ಸುಂಕದವನು ಅಂದುಕೊಳ್ಳಬೇಡಿ. 1198ರಲ್ಲಿ ರಾತ್ರಿ ಹೊತ್ತು ಸಂತನ ಗದ್ದುಗೆಗೆ ಬೆಂಕಿ ಬಿತ್ತು. ಕಾವಲಿನವರು ನಿದ್ದೆ ಹೋಗಿದ್ದರು, ಮೋಂಬತ್ತಿ ಬಿದ್ದಿತ್ತು. ಸಂತನ ದೇಹವಿದ್ದ ಪೆಟ್ಟಿಗೆ ಉಳಿಯಿತು. ಅದನ್ನು ಹೊಸ ಜಾಗಕ್ಕೆ ಎತ್ತಿಡುವ ಮುಂಚೆ, ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಆಯ್ದ ಕೆಲವರನ್ನು ಮಾತ್ರ ಕರೆದುಕೊಂಡು ಸ್ಯಾಮ್ಸನ್ ಮುಚ್ಚಳ ತೆಗೆಸಿದ. ಬಟ್ಟೆ ಸುತ್ತಿದ ತಲೆಯನ್ನು ಎರಡು ಕೈಯಲ್ಲಿ ಹಿಡಿದ. ಕಣ್ಣು ಸವರಿದ, ಮೂಗು ಮುಟ್ಟಿದ. ಆಮೇಲೆ ಪಾದದ ಕಡೆ ಹೋಗಿ ಕಾಲ್ಬೆರಳುಗಳ ನಡುವೆ ತನ್ನ ಬೆರಳು ಇಟ್ಟು ಒಂದೊಂದಾಗಿ ಎಣಿಸಿದ. ಕರೆಯದೇ ಇದ್ದ ಒಬ್ಬ ಸನ್ಯಾಸಿ, ಡಿಸ್ ಊರಿನ ಜಾನ್, ಮೇಲೆ ಛಾವಣಿಯ ಸಂದಿಯಲ್ಲಿ ಕೂತು ಎಲ್ಲವನ್ನೂ ನೋಡಿಬಿಟ್ಟ. ಆ ರಾತ್ರಿ ಕರೆ ಬಾರದವರಲ್ಲಿ ಜೋಸೆಲಿನ್ ಕೂಡ ಒಬ್ಬ. ಅವನ ಹೊಟ್ಟೆಕಿಚ್ಚು ಸಾಲು ಸಾಲಲ್ಲೂ ಗೊತ್ತಾಗುತ್ತದೆ.

ಸ್ಯಾಮ್ಸನ್ 1211ರಲ್ಲಿ ತೀರಿಕೊಂಡ. ಮೂರು ವರ್ಷದ ಮೇಲೆ, 1214ರಲ್ಲಿ, ಜಾನ್ ರಾಜನ ಮೇಲೆ ತಿರುಗಿಬಿದ್ದ ಸರದಾರರು ಈ ಮಠದ ದೊಡ್ಡ ಪೀಠದ ಮುಂದೆ ಸೇರಿ ಪ್ರತಿಜ್ಞೆ ಮಾಡಿದರು ಎಂದು ಒಬ್ಬ ಹಳೆಯ ಬರಹಗಾರ ಹೇಳುತ್ತಾನೆ. ಮುಂದಿನ ವರ್ಷ ಮ್ಯಾಗ್ನಾ ಕಾರ್ಟಾ ಬಂತು, ರಾಜನೂ ಕಾನೂನಿಗೆ ತಲೆಬಾಗಬೇಕು ಎಂದ ಸನ್ನದು. ಅದಕ್ಕೇ ಊರಿನ ಲಾಂಛನದಲ್ಲಿ ರಾಜನ ಗುಡಿ, ಕಾನೂನಿನ ತೊಟ್ಟಿಲು ಎಂಬ ಅರ್ಥದ ಲ್ಯಾಟಿನ್ ಸಾಲಿದೆ. ಪೀಠ ಇದ್ದ ಜಾಗದಲ್ಲಿ ಉಳಿದಿರುವ ಕಂಬಗಳ ಮೇಲೆ ಫಲಕವನ್ನೂ ಹಾಕಿದ್ದಾರೆ. ಹಾಕಲಿ ಬಿಡಿ. ಆದರೆ ಕಾನೂನಿನ ತೊಟ್ಟಿಲು ತೂಗಿದ ಅದೇ ಮಠ ತನ್ನ ಊರಿನವರಿಗೆ ಒಂದು ಪುರಸಭೆಯನ್ನೂ ಮಾಡಿಕೊಳ್ಳಲು ಬಿಡಲಿಲ್ಲ. ಅತ್ತ ಲಂಡನ್, ನಾರ್ವಿಚ್, ಇಪ್ಸ್‌ವಿಚ್‌ನವರು ಸ್ವಂತ ಸನ್ನದು ಪಡೆದು ತಮ್ಮ ಊರನ್ನು ತಾವೇ ನೋಡಿಕೊಳ್ಳುತ್ತಿದ್ದರು. ಬೆರಿ ವ್ಯಾಪಾರಿಗಳ ಹತ್ತಿರ ಉಣ್ಣೆಯ ದುಡ್ಡಿತ್ತು, ಸಂಘವಿತ್ತು, ಸಭೆ ಸೇರಲು ಗಿಲ್ಡ್‌ಹಾಲ್ ಎಂಬ ಕಟ್ಟಡವಿತ್ತು. ಅಧಿಕಾರ ಮಾತ್ರ ಇರಲಿಲ್ಲ.

1327ರ ಜನವರಿಯಲ್ಲಿ ಕಟ್ಟೆ ಒಡೆಯಿತು. ಎರಡನೇ ಎಡ್ವರ್ಡ್ ರಾಜನ ಗದ್ದುಗೆ ಅಲುಗಾಡುತ್ತಿದ್ದ ಸಮಯ ನೋಡಿ ಊರವರು ಮಠಕ್ಕೆ ನುಗ್ಗಿದರು. ಬಾಗಿಲು ಮುರಿದರು, ದಾಖಲೆ ಪತ್ರ ಹೊತ್ತೊಯ್ದರು, ಸನ್ಯಾಸಿಗಳನ್ನು ಕೂಡಿಹಾಕಿದರು. ಮಠಾಧಿಪತಿ ರಿಚರ್ಡ್‌ನಿಂದ ಸನ್ನದಿಗೆ ಸಹಿ ಹಾಕಿಸಿಕೊಂಡರು. ಆತ ಲಂಡನ್‌ಗೆ ಹೋದವನೇ ಅದು ಬಲವಂತದ ಸಹಿ ಎಂದುಬಿಟ್ಟ. ಗಲಾಟೆ ವರ್ಷವಿಡೀ ನಡೆಯಿತು. ಆಮೇಲೆ ವಿಚಾರಣೆ, ದಂಡ, ಗಲ್ಲು. ಅಷ್ಟಕ್ಕೇ ಮುಗಿಯಲಿಲ್ಲ. ತಲೆತಪ್ಪಿಸಿಕೊಂಡಿದ್ದ ಕೆಲವರು 1328ರಲ್ಲಿ ಮಠಾಧಿಪತಿಯನ್ನೇ ಅಪಹರಿಸಿದರು. ತಲೆ, ಹುಬ್ಬು ಎಲ್ಲ ಬೋಳಿಸಿ, ಗುರುತು ಸಿಗದಂತೆ ಮಾಡಿ, ಲಂಡನ್ ದಾಟಿಸಿ, ಸಮುದ್ರದಾಚೆ ಇವತ್ತಿನ ಬೆಲ್ಜಿಯಂನ ಡೀಸ್ಟ್ ಎಂಬ ಊರಿನಲ್ಲಿ ಬಚ್ಚಿಟ್ಟರು. ಹುಡುಕಿ ಬಿಡಿಸಿಕೊಂಡು ಬರಲು ತಿಂಗಳುಗಟ್ಟಲೆ ಹಿಡಿಯಿತು.

ಆ ಗಲಾಟೆಯಲ್ಲಿ ಬಿದ್ದ ಹೆಬ್ಬಾಗಿಲಿನ ಬದಲಿಗೆ ಕಟ್ಟಿದ್ದೇ ಈಗ ಎಲ್ಲರೂ ಫೋಟೋ ತೆಗೆದುಕೊಳ್ಳುವ ಆಬಿ ಗೇಟ್. ಏಂಜಲ್ ಹಿಲ್ ಎಂಬ ಅಗಲವಾದ ಇಳಿಜಾರಿನ ಅಂಗಳಕ್ಕೆ ಮುಖಮಾಡಿ ನಿಂತಿದೆ. ಸೂಕ್ಷ್ಮವಾದ ಕೆತ್ತನೆ, ಕಮಾನು, ವಿಗ್ರಹಗಳಿಗೆಂದು ಮಾಡಿದ ಗೂಡುಗಳು. ವಿಗ್ರಹಗಳು ಈಗಿಲ್ಲ. ಗೂಡಿನ ಹಿಂಭಾಗವನ್ನು ಗಮನವಿಟ್ಟು ನೋಡಿದರೆ ಕಿರಿದಾದ ಸೀಳುಗಳು ಕಾಣುತ್ತವೆ. ಬಾಣ ಬಿಡಲು ಮಾಡಿದ ಸಂದಿಗಳು ಅವು, ಸಂತರ ಬೆನ್ನ ಹಿಂದೆ ಅಡಗಿಸಿಟ್ಟದ್ದು. ಶತ್ರು ಸೈನ್ಯಕ್ಕೆ ಹೆದರಿ ಇಟ್ಟದ್ದಲ್ಲ. ಎದುರಿನ ಅಂಗಳದಲ್ಲಿ ಜಾತ್ರೆ ನಡೆಸುವ ತನ್ನದೇ ಊರಿನ ಬೇಕರಿಯವನು, ಚಮ್ಮಾರ, ಉಣ್ಣೆ ವ್ಯಾಪಾರಿ ಮತ್ತೆ ನುಗ್ಗಿದರೆ ಎಂದು ಇಟ್ಟದ್ದು. ನಾನು ಈ ದೇಶದಲ್ಲಿ ನೋಡಿದ ಕಟ್ಟಡಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಅವರು ಮತ್ತೆ ನುಗ್ಗಿದರು. 1381ರ ಜೂನ್, ರೈತರ ದಂಗೆ. ಸಫೊಕ್‌ನಲ್ಲಿ ಮುಂದಾಳು ಜಾನ್ ರಾ ಎಂಬ ಪಾದ್ರಿ. ದೇಶದ ಮುಖ್ಯ ನ್ಯಾಯಾಧೀಶ ಜಾನ್ ಕ್ಯಾವೆಂಡಿಶ್ ಇದೇ ಸೀಮೆಯಲ್ಲಿದ್ದ, ಅವನನ್ನು ಕೊಂದರು. ಮಠದ ಉಪಾಧ್ಯಕ್ಷ ಕೇಂಬ್ರಿಡ್ಜ್‌ನ ಜಾನ್‌ನನ್ನೂ ಹಿಡಿದು ಕೊಂದರು. ಇಬ್ಬರ ತಲೆಗಳನ್ನೂ ಕೋಲಿಗೆ ಸಿಕ್ಕಿಸಿ ಬೆರಿಯ ಸಂತೆ ಬಯಲಿಗೆ ತಂದರು. ಬದುಕಿದ್ದಾಗ ಇಬ್ಬರೂ ಗೆಳೆಯರು ಎಂದು ಒಂದು ತಲೆ ಇನ್ನೊಂದರ ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ, ಮುತ್ತು ಕೊಡುವ ಹಾಗೆ ಆಡಿಸಿ ನಕ್ಕರಂತೆ. ನಾನು ಮೆಣಸಿನಕಾಯಿ ಕೊಳ್ಳುವ ಸಂತೆ ಇದು! ದಂಗೆ ಅಡಗಿದ ಮೇಲೆ ರಾಜ ದೇಶಕ್ಕೆಲ್ಲ ಕ್ಷಮೆ ಕೊಟ್ಟ. ಬೆರಿ ಊರನ್ನು ಮಾತ್ರ ಅದರಿಂದ ಹೊರಗಿಟ್ಟ. ಊರವರು 2000 ಮಾರ್ಕ್ ದಂಡ ತೆರಬೇಕಾಯಿತು.

ಮಠವನ್ನು ಕೊನೆಗೂ ಮುಗಿಸಿದ್ದು ಊರವರಲ್ಲ, ರಾಜ. ಎಂಟನೇ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿದ ಕಥೆ ಎಲ್ಲರಿಗೂ ಗೊತ್ತು. 1535ರಲ್ಲಿ ತಪಾಸಣೆಗೆ ಬಂದವರು ಬೆರಿಯಲ್ಲಿ ಕಂಡ ಪವಿತ್ರ ವಸ್ತುಗಳ ಪಟ್ಟಿ ಮಾಡಿ ಕಳಿಸಿದರು. ಸಂತ ಲಾರೆನ್ಸ್‌ನನ್ನು ಸುಟ್ಟ ಕೆಂಡದ ಇದ್ದಿಲು, ಸಂತ ಎಡ್ಮಂಡ್‌ನ ಉಗುರಿನ ಚೂರು, ಸಂತ ಥಾಮಸ್‌ನ ಚಾಕು ಮತ್ತು ಬೂಟು, ತಲೆನೋವು ವಾಸಿ ಮಾಡುವ ಬುರುಡೆಗಳು. ಬರೆದವನು ಎಷ್ಟು ಖುಷಿಯಿಂದ ಬರೆದಿದ್ದಾನೆ ಅಂದರೆ, ಮಠ ಮುಚ್ಚುವ ತೀರ್ಮಾನ ಆಗಲೇ ಆಗಿಹೋಗಿತ್ತೇನೋ ಅನ್ನಿಸುತ್ತದೆ. ಮೂರು ವರ್ಷದ ಮೇಲೆ ಬಂದವರು ಬಂಗಾರ ಬೆಳ್ಳಿ ಹೊತ್ತೊಯ್ದರು. ಗದ್ದುಗೆ ಒಡೆಯುವುದು ಬಲು ತ್ರಾಸದ ಕೆಲಸ ಎಂದು ಪತ್ರದಲ್ಲಿ ಗೊಣಗಿದರು. 1539ರ ನವೆಂಬರ್ 4ರಂದು ಕೊನೆಯ ಮಠಾಧಿಪತಿ ಜಾನ್ ರೀವ್ ಬೀಗದ ಕೈ ಒಪ್ಪಿಸಿದ. ಒಳ್ಳೆ ಪಿಂಚಣಿ ಕೊಟ್ಟಿದ್ದರು, ಅನುಭವಿಸಲಿಲ್ಲ. ಕೆಲವೇ ತಿಂಗಳಲ್ಲಿ ತೀರಿಕೊಂಡ.

ಆಮೇಲೆ ಊರು ಏನು ಮಾಡಿತು? ಕಲ್ಲು ಹೊತ್ತಿತು. ದೇವಾಲಯ 150 ಮೀಟರಿಗೂ ಉದ್ದವಿತ್ತು. ಮೇಲ್ಮೈಗೆಲ್ಲ ಬಾರ್ನಾಕ್‌ನಿಂದ ತರಿಸಿದ ನಯವಾದ ಸುಣ್ಣಕಲ್ಲು. ಛಾವಣಿಯ ಸೀಸವನ್ನು ರಾಜನವರು ಮೊದಲೇ ಇಳಿಸಿಕೊಂಡಿದ್ದರು. ಒಳ್ಳೆ ಕಲ್ಲೆಲ್ಲ ಊರಿನ ಗೋಡೆ, ಪಾಯ, ನೆಲಮಾಳಿಗೆ ಸೇರಿತು. ಉಳಿದದ್ದು ಒಳಗಿನ ತಿರುಳು, ಚಕಮಕಿ ಕಲ್ಲು ಮತ್ತು ಗಾರೆಯ ಮುದ್ದೆ. ಈಗ ತೋಟದಲ್ಲಿ ನಿಂತಿರುವುದು ಅದೇ. ಹತ್ತಿರ ಹೋಗಿ ಕೈಯಿಟ್ಟರೆ ಚಕಮಕಿಯ ಚೂಪು ಅಂಚು ತಾಗುತ್ತದೆ. ಕಂಬ ಯಾವುದು, ಕಮಾನು ಯಾವುದು ಹೇಳುವುದು ಕಷ್ಟ. ಚರ್ಮ ಸುಲಿದ ಕಟ್ಟಡ.

ಇದರಲ್ಲಿ ಎಲ್ಲಕ್ಕಿಂತ ಮಜಾ ಪಶ್ಚಿಮದ ಮುಂಭಾಗ. ಸುಮಾರು 75 ಮೀಟರ್ ಅಗಲದ ಆ ಮಹಾ ಗೋಡೆಯಲ್ಲಿ ಮೂರು ದೊಡ್ಡ ಕಮಾನುಗಳಿದ್ದವು. ಜನ ಆ ಕಮಾನುಗಳ ಒಳಗೇ ಮನೆ ಕಟ್ಟಿಕೊಂಡರು. ಕರ್ಟನ್ ಹಾಕಿದ ಕಿಟಕಿ, ಬಣ್ಣದ ಬಾಗಿಲು, ಬಾಗಿಲ ಪಕ್ಕ ಕಸದ ಡಬ್ಬಿ, ಅದರ ಮೇಲೆ ಹನ್ನೆರಡನೇ ಶತಮಾನದ ಕಲ್ಲುಮುದ್ದೆ ಬಾಗಿ ನಿಂತಿದೆ. ಇರುವೆ ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ. ಜನ ಇನ್ನೂ ಅಲ್ಲಿ ವಾಸ ಮಾಡುತ್ತಾರೆ. ಒಂದು ಕಿಟಕಿಯಲ್ಲಿ ಬೆಕ್ಕು ಮಲಗಿತ್ತು, ಬೀದಿಯ ಕಡೆ ತಿರುಗಿಯೂ ನೋಡಲಿಲ್ಲ.

ಸಂತನ ದೇಹ ಎಲ್ಲಿ ಹೋಯಿತು? ಯಾರಿಗೂ ಗೊತ್ತಿಲ್ಲ. ಮುಚ್ಚುವ ಮುಂಚೆ ಸನ್ಯಾಸಿಗಳೇ ತಮ್ಮ ಸ್ಮಶಾನದಲ್ಲಿ ಹೂಳಿರಬಹುದು ಎಂದು ಕೆಲವು ಇತಿಹಾಸಕಾರರ ಊಹೆ. ಆ ಸ್ಮಶಾನದ ಮೇಲೆ ಆಮೇಲೆ ಟೆನಿಸ್ ಕೋರ್ಟ್ ಮಾಡಿದ್ದರು. ಒಂದು ಕಾಲಕ್ಕೆ ಇಡೀ ಇಂಗ್ಲೆಂಡಿನ ರಕ್ಷಕ ಸಂತನಂತಿದ್ದ ಎಡ್ಮಂಡ್‌ನ ತಲೆಯ ಮೇಲೆ ಜನ ಚೆಂಡು ಹೊಡೆಯುತ್ತಿದ್ದರೋ ಏನೋ.

ಊರಿಗೆ ಸ್ವಂತ ಪುರಸಭೆಯ ಸನ್ನದು ಸಿಕ್ಕಿದ್ದು 1606ರಲ್ಲಿ, ಮಠ ಹೋಗಿ 67 ವರ್ಷ ಆದ ಮೇಲೆ. ಎರಡೇ ವರ್ಷಕ್ಕೆ ದೊಡ್ಡ ಬೆಂಕಿ ಬಿದ್ದು ಊರಿನ ನಡುಭಾಗ ಸುಟ್ಟಿತು. ಮನೆಗಳು ಹೋದವು, ಬಾಲ್ಡ್ವಿನ್‌ನ ಬೀದಿಗಳು ಹೋಗಲಿಲ್ಲ. ಅದೇ ಗೆರೆಯ ಮೇಲೆ ಮತ್ತೆ ಕಟ್ಟಿದರು. ಆಮೇಲಿನದು ಮಾಮೂಲಿ ಸಂತೆ ಊರಿನ ಕಥೆ, ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಒಂದೆರಡು ಮಾತ್ರ ಹೇಳುತ್ತೇನೆ. ಮಠದವರು ಬಿಯರ್ ಕಾಯಿಸುತ್ತಿದ್ದ ಊರಿನಲ್ಲಿ 1799ರಲ್ಲಿ ಬೆಂಜಮಿನ್ ಗ್ರೀನ್ ಎಂಬಾತ ಶುರುಮಾಡಿದ ಕಂಪನಿಯೇ ಗ್ರೀನ್ ಕಿಂಗ್. ಈ ಗ್ರೀನ್‌ಗೆ ಕೆರಿಬಿಯನ್ ದ್ವೀಪದ ಗುಲಾಮರ ತೋಟಗಳಲ್ಲಿ ವ್ಯವಹಾರವಿತ್ತು, ಗುಲಾಮಗಿರಿಯನ್ನು ಸಮರ್ಥಿಸಿ ಪತ್ರಿಕೆಯಲ್ಲಿ ಬರೆಸುತ್ತಿದ್ದ. ಗುಲಾಮರ ವ್ಯಾಪಾರ ನಿಲ್ಲಿಸಲು ಜೀವ ತೇಯ್ದ ಥಾಮಸ್ ಕ್ಲಾರ್ಕ್‌ಸನ್ ಕೂಡ 1806ರಿಂದ ಹತ್ತು ವರ್ಷ ಇದೇ ಊರಲ್ಲಿದ್ದ. ಇಬ್ಬರೂ ಒಂದೇ ಸಂತೆಯಲ್ಲಿ ತರಕಾರಿ ಕೊಂಡಿರಬೇಕು. ಇನ್ನೊಂದು, 1925ರ ಸಕ್ಕರೆ ಕಾರ್ಖಾನೆ. ಕಬ್ಬಲ್ಲ, ಸಕ್ಕರೆ ಬೀಟ್. ಚಳಿಗಾಲದಲ್ಲಿ ಟ್ರಾಕ್ಟರ್ ತುಂಬಾ ಮಣ್ಣು ಮೆತ್ತಿದ ಗಡ್ಡೆಗಳು ಬರುತ್ತವೆ. ಗಾಳಿ ಆ ಕಡೆಯಿಂದ ಬೀಸಿದರೆ ಮಂಡ್ಯದ ನೆನಪಾಗುವ ವಾಸನೆ.

ಮಂಡ್ಯ ಅಂದಮೇಲೆ ಕಲ್‌ಫರ್ಡ್ ಬಗ್ಗೆ ಹೇಳಲೇಬೇಕು. ಬೆರಿಯಿಂದ ಉತ್ತರಕ್ಕೆ ಕೆಲವೇ ಮೈಲಿ. ಹಿಂದೆ ಅದು ಮಠದ ಜಮೀನು. 1540ರಲ್ಲಿ ಕ್ರಿಸ್ಟೋಫರ್ ಕೂಟ್ ಎಂಬ ಸಿರಿವಂತನ ಪಾಲಾಯಿತು, ಮುಂದೆ ಕೈ ಬದಲಾಗುತ್ತಾ ಕಾರ್ನ್‌ವಾಲಿಸ್ ಮನೆತನಕ್ಕೆ ಬಂತು. ಹೌದು, ಅದೇ ಕಾರ್ನ್‌ವಾಲಿಸ್. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದು, ಅದೇ ಅಕ್ಟೋಬರ್‌ನಲ್ಲಿ ಅವನ ಸೈನ್ಯ ನಂದಿದುರ್ಗ ಹತ್ತಿ, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡವನು. ಕಲ್‌ಫರ್ಡ್ ಬಂಗಲೆಯನ್ನು ಅವನು ಹೊಸದಾಗಿ ಕಟ್ಟಿಸಿದ್ದು ಸರಿಯಾಗಿ ಆ 1790ರ ದಶಕದಲ್ಲೇ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಗೋಡೆಯಲ್ಲಿ ಬ್ರಿಟಿಷರು ನುಗ್ಗಿದ ಜಾಗಕ್ಕೆ ಒಂದು ಕಲ್ಲಿನ ಫಲಕವಿದೆ. ಅದರ ಮುಂದೆ ಬಸ್ಸಿಗೆ ಕಾದಿರುವ ಎಷ್ಟು ಜನಕ್ಕೆ ಅದು ಗೊತ್ತೋ ಕಾಣೆ. ನನಗಂತೂ ಸಫೊಕ್‌ಗೆ ಬಂದ ಮೇಲೇ ಅದನ್ನು ಓದಬೇಕು ಅನ್ನಿಸಿತು. ಕಲ್‌ಫರ್ಡ್ ಈಗ ಖಾಸಗಿ ಶಾಲೆ. ಫೀಸು ಕೇಳಬೇಡಿ.

ಊರಿನವರಲ್ಲಿ ನನಗೆ ಮೆಚ್ಚುಗೆಯಾದವನು ಜಾಂಕಿನ್ ಸ್ಮಿತ್. ಹದಿನೈದನೇ ಶತಮಾನದ ಸಿರಿವಂತ ವ್ಯಾಪಾರಿ. ಪ್ರತಿ ಸಲ ಹೊಸ ಮಠಾಧಿಪತಿ ಪಟ್ಟಕ್ಕೆ ಬಂದಾಗ ಊರು ಕಾಣಿಕೆಯ ದುಡ್ಡು ಕಟ್ಟಬೇಕಿತ್ತು. ಬಡವರು ಶ್ರೀಮಂತರು ಎಲ್ಲರ ಮೇಲೂ ಆ ಹೊರೆ. ಸ್ಮಿತ್ ಗಲಾಟೆ ಮಾಡಲಿಲ್ಲ, ಗೇಟು ಮುರಿಯಲಿಲ್ಲ. ತನ್ನ ಜಮೀನನ್ನು ಊರಿನ ಟ್ರಸ್ಟಿಗಳ ಹೆಸರಿಗೆ ಬರೆದ. ಅದರ ಉತ್ಪತ್ತಿಯಿಂದ ಕಾಣಿಕೆ ಕಟ್ಟಿ, ಮಿಕ್ಕಿದ್ದರಲ್ಲಿ ಊರಿನ ಕೆಲಸ ಮಾಡಿ ಎಂದ. 1481ರಲ್ಲಿ ತೀರಿಕೊಂಡ. 58 ವರ್ಷ ಕಳೆಯುವುದರಲ್ಲಿ ಕಾಣಿಕೆ ಕೇಳಲು ಮಠಾಧಿಪತಿಯೇ ಇಲ್ಲದಂತಾಯಿತು. ಜಮೀನು ಮಾತ್ರ ಟ್ರಸ್ಟಿಗಳ ಕೈಯಲ್ಲೇ ಉಳಿಯಿತು. ಪುರಸಭೆ ಬರುವವರೆಗೆ ಊರನ್ನು ನಡೆಸಿದ್ದು ಅವರೇ. ಆ ಟ್ರಸ್ಟ್ ಈಗಲೂ ಇದೆ, ಬಡ ವೃದ್ಧರಿಗೆ ಮನೆಗಳನ್ನು ನಡೆಸುತ್ತದೆ. ವರ್ಷಕ್ಕೊಮ್ಮೆ ಸೇಂಟ್ ಮೇರೀಸ್ ಚರ್ಚಿನಲ್ಲಿ ಜಾಂಕಿನ್ ಸ್ಮಿತ್ ಹೆಸರಲ್ಲಿ ಪ್ರಾರ್ಥನೆ ಮಾಡಿ, ಆಮೇಲೆ ಕೇಕು ತಿಂದು ಬಿಯರ್ ಕುಡಿಯುತ್ತಾರೆ.